ಧಾರೇಶ್ವರದ ಕಡಲ ವರ್ಷ: ಸೂಕ್ಷ್ಮಜೀವಿಗಳ ಆಹಾರಸಂಪಾದನೆಯೂ ಕರಾವಳಿಯ ಚರಿತ್ರೆಯೂ

ಕುಮಟೆಗೂ ಹೊನ್ನಾವರಕ್ಕೂ ನಡುವೆ ಕಡಲಂಚಿನಲ್ಲಿರುವ ಧಾರೇಶ್ವರವು ಗೋಕರ್ಣದ ಆತ್ಮಲಿಂಗದ ಐತಿಹ್ಯದೊಡನೆ ಬೆಸೆದುಕೊಂಡಿರುವ ಪಂಚಕ್ಷೇತ್ರಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಇದರ ಉತ್ತರಕ್ಕೆ ಅಘನಾಶಿನಿಯೂ ದಕ್ಷಿಣಕ್ಕೆ ಶರಾವತಿಯೂ ಸಮುದ್ರವನ್ನು ಸೇರುತ್ತವೆ. ಈ ಪ್ರದೇಶದ ಚರಿತ್ರೆಯನ್ನು ಬರೆದವರು ದೇವಾಲಯ, ಶಾಸನ, ಮೆಣಸಿನ ವ್ಯಾಪಾರ, ಭೂಕಂದಾಯ ಇವುಗಳನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಕಡಲು ಮಾತ್ರ ಅವರ ಬರೆಹಗಳಲ್ಲಿ ಹಡಗುಗಳು ಸಾಗುವ ದಾರಿಯಾಗಿಯೇ ಉಳಿದಿದೆ. ಆದರೆ ಕಡಲಿಗೂ ಬಿತ್ತನೆ, ಬೆಳೆ, ಬರಗಾಲಗಳುಂಟು. ಅದರ ಬೆಳೆಗಾರರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಇವು ವಿರಳವಾದ ಪೋಷಕಾಂಶಗಳನ್ನು ಋತುಋತುವಿನಲ್ಲಿ ಹೇಗೆ ಸಂಪಾದಿಸುತ್ತವೆ ಎಂಬುದನ್ನೂ, ಆ ತಿಳಿವಳಿಕೆ ನಮಗೆ ದೊರೆತ ಬಗೆಯನ್ನೂ, ಮೀನಿನ ಕ್ಷಾಮಗಳ ಹೊಣೆಯನ್ನು ನಿರ್ಣಯಿಸುವಲ್ಲಿ ಅದರಿಂದಾಗುವ ವ್ಯತ್ಯಾಸವನ್ನೂ ಇಲ್ಲಿ ಪರಿಶೀಲಿಸಲಾಗುವುದು.

ಮೊದಲು ಹಳೆಯ ಆಕರಗಳನ್ನು ನೋಡೋಣ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇಲ್ಲಿಯ ಭೂಮಿಯನ್ನೂ ಬೇಸಾಯವನ್ನೂ ಕುರಿತು ವಿವರವಾಗಿ ಬರೆದನು. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವು ಹರಿಕಂತ್ರ, ಖಾರ್ವಿ ಮೊದಲಾದ ಮೀನುಗಾರ ಸಮುದಾಯಗಳನ್ನು ವರ್ಣಿಸಿತು. ಆದರೆ ಒಂದು ವರ್ಷ ತುಂಬಿ ಬರುವ ಮೀನು ಮತ್ತೊಂದು ವರ್ಷ ಬಾರದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಧನ ಆ ಕಾಲದಲ್ಲಿ ಇರಲಿಲ್ಲ.

ಆ ಸಾಧನವು ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. 1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡರು ಸಮುದ್ರಜೀವಿಗಳ ದೇಹದಲ್ಲಿಯೂ ಆಳದ ನೀರಿನಲ್ಲಿಯೂ ಸಾರಜನಕ ಮತ್ತು ರಂಜಕಗಳ ಪ್ರಮಾಣವು ಬಹುಮಟ್ಟಿಗೆ ಹೊಂದಿಕೊಂಡಿರುವುದನ್ನು ಗುರುತಿಸಿದರು. ಮುಂದೆ ಈ ಪ್ರಮಾಣವು ಇಂಗಾಲ 106, ಸಾರಜನಕ 16, ರಂಜಕ 1 ಎಂದು ನೆಲೆಗೊಂಡಿತು. ಇವುಗಳಲ್ಲಿ ಇಂಗಾಲಕ್ಕೆ ಕಡಲಿನಲ್ಲಿ ಕೊರತೆಯಿಲ್ಲ; ಸಾರಜನಕ, ರಂಜಕ, ಕಬ್ಬಿಣ ಇವುಗಳಿಗೆ ಮಾತ್ರ ಅಭಾವವುಂಟು. ಬಿಸಿಲು ಬೀಳುವ ಮೇಲ್ಪದರದಲ್ಲಿ ಜೀವಿಗಳು ಇವನ್ನು ಬಳಸಿಕೊಂಡು ಸತ್ತು ಕೆಳಗಿಳಿಯುತ್ತವೆ. ಅವುಗಳೊಡನೆ ಪೋಷಕಾಂಶವೂ ಆಳಕ್ಕೆ ಇಳಿಯುತ್ತದೆ. ಬೆಳಕಿರುವಲ್ಲಿ ಗೊಬ್ಬರವಿಲ್ಲ, ಗೊಬ್ಬರವಿರುವಲ್ಲಿ ಬೆಳಕಿಲ್ಲ. ಸೂಕ್ಷ್ಮಜೀವಿಗಳ ವರ್ಷವೆಲ್ಲ ಈ ವೈಷಮ್ಯದೊಡನೆ ಹೋರಾಡುವುದರಲ್ಲಿಯೇ ಕಳೆಯುತ್ತದೆ.

ನೈಋತ್ಯ ಮಾರುತದ ಕಾಲದಲ್ಲಿ ಈ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಪ್ರವಾಹವು ದಕ್ಷಿಣಾಭಿಮುಖವಾಗಿ ಹರಿಯುತ್ತದೆ. ಆಳದ ತಣ್ಣೀರು ನೈಟ್ರೇಟು, ಫಾಸ್ಫೇಟು, ಸಿಲಿಕೇಟುಗಳನ್ನು ಹೊತ್ತು ದಡದ ಕಡೆಗೆ ಏರಿ ಬರುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಇಂತಹ ಸಮೃದ್ಧಿಯ ಕಾಲದಲ್ಲಿ ಮೇಲುಗೈ ಪಡೆಯುವವು ಡಯಾಟಮ್‌ಗಳು. ಸಿಲಿಕದ ಕವಚವುಳ್ಳ ಈ ಸಸ್ಯಾಣುಗಳು ನೈಟ್ರೇಟನ್ನು ತ್ವರಿತವಾಗಿ ಹೀರಿ, ಮಿಕ್ಕಿದ್ದನ್ನು ಕೋಶದೊಳಗಿನ ಕುಹರದಲ್ಲಿ ಕೂಡಿಟ್ಟುಕೊಂಡು, ಅಲ್ಪಕಾಲದಲ್ಲಿ ಇಮ್ಮಡಿಸುತ್ತವೆ. ಪಶ್ಚಿಮ ಕರಾವಳಿಯ ಸಸ್ಯಪ್ಲವಕಗಳು ಮಳೆಗಾಲದಲ್ಲಿಯೇ ಅತ್ಯಧಿಕವೆಂಬುದನ್ನು ಆರ್. ಸುಬ್ರಹ್ಮಣ್ಯನ್ ಅವರು 1959ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸ್ಥಾಪಿಸಿದರು. ಉತ್ತರ ಕನ್ನಡದ ಕಡಲನ್ನೇ ಕುರಿತು ಎಸ್. ರಾಮಮೂರ್ತಿಯವರು 1965ರಲ್ಲಿ ಪ್ಲವಕಗಳಿಗೂ ಮೀನುಗಾರಿಕೆಗೂ ಇರುವ ಸಂಬಂಧವನ್ನು, ಎ. ನೋಬಲ್ ಅವರು 1968ರಲ್ಲಿ ಸಮುದ್ರಜಲದ ಗುಣಗಳನ್ನು ವಿವೇಚಿಸಿದರು.

ಆದರೆ ಸಮೃದ್ಧಿಯ ಬೆನ್ನಿಗೇ ನಷ್ಟವೂ ಇದೆ. ಏರಿ ಬಂದ ನೀರಿನಲ್ಲಿ ಆಮ್ಲಜನಕವು ಮೊದಲೇ ಕಡಮೆ. ಕೊಳೆಯುವ ಜೀವರಾಶಿಯನ್ನು ಬ್ಯಾಕ್ಟೀರಿಯಗಳು ಅರಗಿಸುವಾಗ ಉಳಿದದ್ದೂ ತೀರಿಹೋಗುತ್ತದೆ. ಆಗ ಕೆಲವು ಬ್ಯಾಕ್ಟೀರಿಯಗಳು ಆಮ್ಲಜನಕಕ್ಕೆ ಬದಲಾಗಿ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಅದನ್ನು ಅನಿಲರೂಪದ ಸಾರಜನಕವಾಗಿ ಹೊರಗೆಡಹುತ್ತವೆ. ಭಾರತದ ಪಶ್ಚಿಮ ತೀರದಲ್ಲಿ ಮಳೆಗಾಲದ ಕೊನೆಯಲ್ಲಿ ಈ ಆಮ್ಲಜನಕಾಭಾವವು ತೀವ್ರವಾಗುತ್ತಿರುವುದನ್ನು ಎಸ್. ಡಬ್ಲ್ಯೂ. ಎ. ನಖ್ವಿ ಮತ್ತು ಸಹೋದ್ಯೋಗಿಗಳು 2000ದಲ್ಲಿ ಲೋಕಕ್ಕೆ ತಿಳಿಸಿದರು. ಗಂಗೆಯಂತೆ ಬಂದ ಗೊಬ್ಬರವು ಹೀಗೆ ಗಾಳಿಯ ಪಾಲಾಗುತ್ತದೆ.

ಚಳಿಗಾಲದಲ್ಲಿ ಪ್ರವಾಹವು ಉತ್ತರಕ್ಕೆ ತಿರುಗಿ, ಪೋಷಕಾಂಶವು ಮತ್ತೆ ಕೆಳಗೆ ಉಳಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಯಾದ ಮೇಲ್ಪದರವು ಎಣ್ಣೆಯಂತೆ ನಿಂತುಬಿಡುತ್ತದೆ. ಇದು ಮಿತವ್ಯಯಿಗಳ ಕಾಲ. 1988ರಲ್ಲಿ ವರದಿಯಾದ ಪ್ರೊಕ್ಲೊರೊಕಾಕಸ್ ಎಂಬ ಅತಿಸೂಕ್ಷ್ಮ ಜೀವಿಯು ಅರಬ್ಬೀ ಸಮುದ್ರದ ಬಡನೀರಿನಲ್ಲಿಯೂ ಕಂಡುಬಂದಿದೆ. ದೇಹವು ಕಿರಿದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಆದುದರಿಂದ ತೀರ ತೆಳುವಾದ ನೀರಿನಿಂದಲೂ ಅದು ಆಹಾರವನ್ನು ಹೀರಬಲ್ಲದು. ಅದರ ಪೊರೆಯಲ್ಲಿ ರಂಜಕದ ಕೊಬ್ಬಿಗೆ ಬದಲಾಗಿ ಬಹುಪಾಲು ಗಂಧಕದ ಕೊಬ್ಬಿದೆ.

ಇದೇ ಕಾಲದಲ್ಲಿ ನೀರಿನ ಮೇಲೆ ಮರದ ಹೊಟ್ಟಿನಂತೆ ತೇಲಿಬರುವುದು ಟ್ರೈಕೋಡೆಸ್ಮಿಯಂ. ನೀರಿನಲ್ಲಿ ನೈಟ್ರೇಟಿಲ್ಲದಿದ್ದರೂ ಗಾಳಿಯಿಂದ ನೀರಿಗೆ ಕರಗಿದ ಸಾರಜನಕವನ್ನೇ ಇದು ಆಹಾರವಾಗಿ ಮಾರ್ಪಡಿಸಿಕೊಳ್ಳುತ್ತದೆ. ಈ ಶಕ್ತಿಯು ಸಾರ್ಗಾಸೊ ಸಮುದ್ರದ ಪ್ರಯೋಗಗಳಿಂದ 1961ರಲ್ಲಿ ಪ್ರಕಟವಾಯಿತು. ಆ ಕಾರ್ಯಕ್ಕೆ ಕಬ್ಬಿಣವು ಅವಶ್ಯಕ. ಮರುಭೂಮಿಗಳಿಂದ ಹಾರಿಬರುವ ಧೂಳು ಅದನ್ನು ಒದಗಿಸುತ್ತದೆ. ಕರಗಿದ ಫಾಸ್ಫೇಟು ಸಾಲದಾದಾಗ ಸಾವಯವ ವಸ್ತುವಿನಿಂದ ರಂಜಕವನ್ನು ಕಿಣ್ವಗಳ ಮೂಲಕ ಬಿಡಿಸಿಕೊಳ್ಳುವ ಸಾಮರ್ಥ್ಯವೂ ಅದಕ್ಕಿದೆ. ಮಂಗಳೂರಿನ ಕಡಲಿನಲ್ಲಿ ಇದರ ಹರಡುವಿಕೆ 1965ರಲ್ಲಿಯೂ, ಲಕ್ಷದ್ವೀಪದ ಬಳಿ 1970ರಲ್ಲಿಯೂ ಪ್ರಕಟವಾದ ಲೇಖನಗಳಲ್ಲಿ ವರ್ಣಿತವಾಗಿದೆ. ಕಳೆದ ಮಳೆಗಾಲದಲ್ಲಿ ಗಾಳಿಗೆ ಹೋದದ್ದರಲ್ಲಿ ಸ್ವಲ್ಪವನ್ನು ಬೇಸಗೆಯಲ್ಲಿ ಗಾಳಿಯಿಂದಲೇ ಮರಳಿ ತರುವ ಜೀವಿಯಿದು ಎನ್ನಬಹುದು.

ಇನ್ನು ಇತಿಹಾಸಕಾರನ ಪ್ರಶ್ನೆಗೆ ಬರೋಣ. ಡಯಾಟಮ್‌ಗಳು ಕೂಡಿಸಿದ ಸಾರಜನಕವೂ ರಂಜಕವೂ ತಾರ್ಲೆ, ಬೂತಾಯಿ ಎಂದೆಲ್ಲ ಕರೆಯಲ್ಪಡುವ ಎಣ್ಣೆಮೀನಿನ ದೇಹವನ್ನು ಸೇರುತ್ತವೆ. ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಹೆಚ್ಚಿದಾಗ ಈ ಮೀನೂ ಹೆಚ್ಚುತ್ತದೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಅವರು 1955ರಲ್ಲಿ ಸೂಚಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಸರ್ಕಾರದ ಮೀನುಗಾರಿಕಾ ಇಲಾಖೆಯ ಪ್ರೋತ್ಸಾಹದಿಂದ ಎಣ್ಣೆ ಮತ್ತು ಮೀನುಗೊಬ್ಬರದ ಕಾರ್ಖಾನೆಗಳು ಬೆಳೆದವು. ಕಡಲಿನ ಸೂಕ್ಷ್ಮಜೀವಿಗಳು ಕಣಕಣವಾಗಿ ಕೂಡಿಸಿದ ಗೊಬ್ಬರವು ಹೀಗೆ ನೆಲದ ತೋಟಗಳನ್ನು ಸೇರಿತು.

1940ರ ದಶಕದ ಆರಂಭದಲ್ಲಿ ಈ ಮೀನು ಕ್ಷೀಣಿಸಿದಾಗ, ಮದ್ರಾಸ್ ಸರ್ಕಾರವು 1943ರಲ್ಲಿ ಮರಿಮೀನುಗಳನ್ನು ಹಿಡಿಯುವ ಕೆಲವು ಬಲೆಗಳನ್ನು ನಿಷೇಧಿಸಿತು. ಎಂದರೆ ಹೊಣೆಯು ಬಲೆ ಬೀಸಿದವನ ಮೇಲೆ ಬಿತ್ತು. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡಕ್ಕೆ ಮದ್ರಾಸಿನ ಅಧಿಕಾರವು ಸಲ್ಲುತ್ತಿರಲಿಲ್ಲ. ದಕ್ಷಿಣ ಕನ್ನಡವು ಮದ್ರಾಸಿನಲ್ಲಿತ್ತು. 1956ರಲ್ಲಿ ಎರಡೂ ಒಂದೇ ರಾಜ್ಯದಲ್ಲಿ ಕೂಡಿದವು; ಆದರೆ ದಾಖಲೆಗಳು ಎರಡು ಪ್ರಾಂತಗಳ ಕಡತಗಳಾಗಿಯೇ ಉಳಿದವು. ಮೀನಿಗಾಗಲಿ ಡಯಾಟಮ್ಮಿಗಾಗಲಿ ಈ ಗಡಿ ಎಂದೂ ಇರಲಿಲ್ಲ.

ಇದರಿಂದ ಮನುಷ್ಯನು ನಿರ್ದೋಷಿಯೆಂದು ಸಾರುವುದು ನಮ್ಮ ಉದ್ದೇಶವಲ್ಲ. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು, ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಗಳನ್ನು ಬದಿಗೆ ಸರಿಸಿದವು. ಹಿಡಿಯುವ ಶಕ್ತಿ ಬಹಳವಾಗಿ ಹೆಚ್ಚಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನುಗಳಷ್ಟು ದೊರೆತ ಎಣ್ಣೆಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಇಂತಹ ಕುಸಿತವನ್ನು ಬಲೆಯೊಂದರಿಂದಲೇ ವಿವರಿಸುವುದು ಎಷ್ಟು ಏಕದೇಶೀಯವೋ, ಕಡಲೊಂದರಿಂದಲೇ ವಿವರಿಸುವುದೂ ಅಷ್ಟೇ ಏಕದೇಶೀಯ. ಮಳೆ ಬಾರದ ವರ್ಷದ ಕಂದಾಯದ ಬಾಕಿಯನ್ನು ಓದುವಾಗ ನಾವು ರೈತನ ಸೋಮಾರಿತನವೆಂದು ತೀರ್ಮಾನಿಸದೆ ಮಳೆಯ ಲೆಕ್ಕವನ್ನೂ ನೋಡುತ್ತೇವಷ್ಟೆ. ಮೀನುಗಾರನಿಗೂ ಅದೇ ನ್ಯಾಯವು ಸಲ್ಲಬೇಕು.

ಧಾರೇಶ್ವರದ ದಂಡೆಯಲ್ಲಿ ನಿಂತು ನೋಡುವವರಿಗೆ ಆಷಾಢದ ಕಡಲು ಕೇವಲ ಭಯಂಕರವಾಗಿ ತೋರುತ್ತದೆ. ದೋಣಿಗಳು ದಡದಲ್ಲಿ ಬಿದ್ದಿರುತ್ತವೆ. ಆ ಬಿಡುವಿನ ದಿನಗಳಲ್ಲಿಯೇ ಮುಂದಿನ ಬೆಳೆಯ ಬಿತ್ತನೆ ನಡೆದಿರುತ್ತದೆ. ಈ ಕರಾವಳಿಯ ಆರ್ಥಿಕ ಚರಿತ್ರೆಯನ್ನು ಬರೆಯುವವರು ಎರಡು ಪ್ರಾಂತಗಳ ಕಡತಗಳೊಡನೆ ಈ ಬಿತ್ತನೆಯ ಲೆಕ್ಕವನ್ನೂ ಜೊತೆಗಿಟ್ಟು ಓದತಕ್ಕದ್ದು ಎಂಬುದೇ ಈ ಪ್ರಬಂಧದ ನಿವೇದನೆ.