ಸಾಣೆ ಕಾಣದ ಖಡ್ಗಗಳು

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬಸವ ಜಯಂತಿಯ ಮೆರವಣಿಗೆ ಹೊರಟಿತೆಂದರೆ ಎರಡು ಬಗೆಯ ಖಡ್ಗಗಳು ಕಣ್ಣಿಗೆ ಬೀಳುತ್ತವೆ. ಒಂದು, ಕರಡೆ ಚಮಾಳಗಳ ಗತಿಗೆ ಕುಣಿಯುತ್ತ ಮುಂದೆ ಸಾಗುವ ವೀರಗಾಸೆಯವನ ಬಲಗೈಯಲ್ಲಿರುವುದು. ಇನ್ನೊಂದು, ಮೆರವಣಿಗೆ ಮುಗಿದ ಮೇಲೆ ವೇದಿಕೆಯಲ್ಲಿ ಶಾಲು ಹಾರಗಳೊಡನೆ ಅತಿಥಿಗಳಿಗೆ ಅರ್ಪಿತವಾಗುವ, ಹಿತ್ತಾಳೆಯ ಹಿಡಿ, ಕೆಂಪು ಮಖಮಲ್ಲಿನ ಒರೆಯುಳ್ಳ ಖಡ್ಗ. ಎರಡಕ್ಕೂ ಹರಿತವಿಲ್ಲ. ಎರಡೂ ಈ ಕಾಲದ ಕಾರ್ಖಾನೆಯ ಲೋಹದಿಂದ ಆದವು. ಹೊರನೋಟಕ್ಕೆ ಎರಡೂ ಪ್ರಾಚೀನ ಆಯುಧದ ಪ್ರತಿಕೃತಿಗಳೇ. ಆದರೂ ಇವೆರಡನ್ನೂ ಸಮವೆಂದು ಎಣಿಸಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರತಿಕೃತಿಯ ಮಾತನ್ನಾಡುವ ಮೊದಲು ಮೂಲವಸ್ತುವನ್ನು ಅರಿಯುವುದು ಲೇಸು. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಈ ಬಡಾವಣೆಗಳ ನಡುವೆ ಹಾಯ್ದು ಪಶ್ಚಿಮಕ್ಕೆ ಸಾಗುವ ರಸ್ತೆ ಮುಟ್ಟುವುದು ಮಾಗಡಿಯನ್ನು. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಬಳಿಯ ಘಟ್ಟಿಪುರದಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಣ್ಣಾರೆ ಕಂಡು, ಆ ಕೆಲಸದ ಕ್ರಮವನ್ನು ಬರೆದಿಟ್ಟಿದ್ದಾನೆ. ಹಸಿ ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನು ಇಟ್ಟು, ಅದರೊಡನೆ ತಂಗಡಿ ಗಿಡದ ಕಡ್ಡಿಗಳನ್ನೂ ಒಂದೆರಡು ಹಸಿರೆಲೆಗಳನ್ನೂ ಸೇರಿಸಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಉರಿಯಲ್ಲಿ ಜೋಡಿಸಿ ತಿದಿ ಒತ್ತುತ್ತಿದ್ದರು. ಕಡ್ಡಿ ಎಲೆಗಳು ಉರಿದು ಉಳಿಯುವ ಇಂಗಾಲವನ್ನು ಹೀರಿಕೊಂಡ ಕಬ್ಬಿಣವು ಕರಗಿ ಉಕ್ಕಾಗುತ್ತಿತ್ತು. ರಸಾಯನಶಾಸ್ತ್ರದ ಹೆಸರನ್ನೂ ಕೇಳದ ಕುಶಲಕರ್ಮಿಗಳು, ಎಷ್ಟು ಕಡ್ಡಿಗೆ ಎಷ್ಟು ಕಬ್ಬಿಣ, ಎಷ್ಟು ಹೊತ್ತಿನ ಉರಿ ಎಂಬುದನ್ನು ಕೈಯಳತೆಯಲ್ಲೇ ಬಲ್ಲವರಾಗಿದ್ದರು. ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಈ ಉಕ್ಕಿಗೆ ಯೂರೋಪಿನ ವಿದ್ವಾಂಸರು 'ವೂಟ್ಜ್' ಎಂದು ಹೆಸರಿಟ್ಟುದು, ನಮ್ಮ 'ಉಕ್ಕು' ಎಂಬ ಪದವೇ ಅವರ ಬಾಯಲ್ಲಿ ರೂಪಾಂತರ ಹೊಂದಿದುದರಿಂದ ಎಂದು ಬಲ್ಲವರ ಅಭಿಪ್ರಾಯ. ದಮಾಸ್ಕಸಿನ ಅಲಗುಗಳೆಂದು ಜಗತ್ಪ್ರಸಿದ್ಧವಾದ ಖಡ್ಗಗಳ ಮೈಮೇಲೆ ನೀರಿನ ಅಲೆಯಂತೆ ಕಾಣುವ ಗೆರೆಗಳು ಮೂಡಿದುದು ಇಂತಹ ಮೂಸೆಯ ಉಕ್ಕಿನಿಂದಲೇ.

ಇತ್ತ ಕೆಂಗೇರಿಯ ಮೂಲಕ ಹೋಗುವ ಮೈಸೂರು ರಸ್ತೆಯಲ್ಲಿರುವ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನು ಎಳೆಯುತ್ತಿದ್ದರೆಂದೂ, ಅವು ದೂರದೂರದ ಪ್ರಾಂತಗಳಿಗೆ ಹೋಗುತ್ತಿದ್ದುವೆಂದೂ ಅದೇ ಬುಕಾನನ್ ದಾಖಲಿಸಿದ್ದಾನೆ. ಒಂದೇ ಬಗೆಯ ಲೋಹ ಒಂದೆಡೆ ಅಲಗಾಗುತ್ತಿತ್ತು, ಇನ್ನೊಂದೆಡೆ ವೀಣೆಯ ತಂತಿಯಾಗುತ್ತಿತ್ತು. ಇಂದು ಚನ್ನಪಟ್ಟಣವೆಂದರೆ ಬೊಂಬೆಗಳ ನೆನಪು ಮಾತ್ರ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಾಯತಿಯ ಅಗ್ಗದ ಕಬ್ಬಿಣ ಉಕ್ಕುಗಳು ಬಂದುವು. 1878ರ ಆಯುಧ ಕಾಯಿದೆ ಬಂದಿತು. ಖಡ್ಗ ಕೊಳ್ಳುವವರೂ ಇಲ್ಲವಾದರು, ಮೂಸೆಗೆ ಬೆಂಕಿ ಇಡುವವರೂ ಇಲ್ಲವಾದರು. ವಿದ್ಯೆಯೊಂದು ಕೈಯಿಂದ ಕೈಗೆ ದಾಟದೆ ನಿಂತುಹೋಯಿತು.

ಆದಕಾರಣ ಈಗಿನ ಪ್ರತಿಕೃತಿಯು ಆಕಾರವನ್ನು ಮಾತ್ರ ಅನುಸರಿಸುತ್ತದೆ, ದ್ರವ್ಯವನ್ನಲ್ಲ. ತುಕ್ಕು ಹಿಡಿಯದ ಉಕ್ಕಿನ ತಗಡನ್ನು ಯಂತ್ರದಲ್ಲಿ ಕತ್ತರಿಸಿ, ಉಜ್ಜಿ ಹೊಳಪು ಕೊಟ್ಟು, ಎರಕದ ಹಿತ್ತಾಳೆಯ ಹಿಡಿಗೆ ತಿರುಪಿನಿಂದ ಬಿಗಿಯುತ್ತಾರೆ. ಕಾಯಿಸಿ ಬಡಿಯುವುದಿಲ್ಲ, ನೀರು ಕುಡಿಸುವುದಿಲ್ಲ. ಹರಿತವಿಲ್ಲದಿರುವುದಕ್ಕೆ ಕಾನೂನಿನ ಕಾರಣವೂ ಉಂಟು. 1959ರ ಆಯುಧ ಕಾಯಿದೆಯನ್ನು ಅನುಸರಿಸಿ ಬಂದ ನಿಯಮಗಳು ಖಡ್ಗವನ್ನೂ, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಹರಿತವಾದ ಅಲಗುಗಳನ್ನೂ ಆಯುಧಗಳೆಂದೇ ಪರಿಗಣಿಸಿದುವು. ಮನೆಗೆಲಸ, ಬೇಸಾಯಗಳಂತಹ ಕೆಲಸಗಳ ಸಾಧನಗಳಿಗೆ ವಿನಾಯಿತಿ.

ತೂಕದ ವಿಷಯದಲ್ಲಂತೂ ಜನರಲ್ಲಿ ಬಹಳ ಭ್ರಮೆಯಿದೆ. ವೀರರು ಮಣಗಟ್ಟಲೆ ತೂಗುವ ಖಡ್ಗಗಳನ್ನು ಬೀಸುತ್ತಿದ್ದರೆಂದು ಕೇಳುತ್ತ ಬಂದಿದ್ದೇವೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಬಾಗುಖಡ್ಗಗಳ ತೂಕ ಸಾಮಾನ್ಯವಾಗಿ ಒಂದು ಕಿಲೋಗ್ರಾಂನ ಆಸುಪಾಸಿನಲ್ಲಿದೆ. ದಿನವಿಡೀ ಕಾದುವವನಿಗೆ ಅದಕ್ಕಿಂತ ಹೆಚ್ಚಿನದು ಹೊರೆಯೇ ಸರಿ. 2022ರ ನವೆಂಬರ್ 11ರಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ ನಾಡಪ್ರಭು ಕೆಂಪೇಗೌಡರ 108 ಅಡಿಯ ಪ್ರತಿಮೆಯ ಖಡ್ಗವು ಸುಮಾರು 4 ಟನ್ ತೂಗುತ್ತದೆ. ಅದು ಗೌರವದ ಅಳತೆ, ಇತಿಹಾಸದ ಅಳತೆಯಲ್ಲ. ಪ್ರತಿಮೆಗೆ ಅದು ಒಪ್ಪುತ್ತದೆ. ಅದೇ ಅಳತೆ ಪಾಠಪುಸ್ತಕದೊಳಗೂ ನುಸುಳಿದರೆ ಮಾತ್ರ ತೊಂದರೆ.

ಆಕಾರವನ್ನಾದರೂ ಸರಿಯಾಗಿ ಅನುಸರಿಸುತ್ತೇವೆಯೇ? ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಕೈಯಲ್ಲಿ ಬಾಗಿದ ಅಲಗು, ತಟ್ಟೆಯಾಕಾರದ ತುದಿಯ ಹಿಡಿಯುಳ್ಳ ಖಡ್ಗವನ್ನು ಕೊಟ್ಟರೆ ಅಭ್ಯಂತರವಿಲ್ಲ. 1824ರ ಕಾಲಕ್ಕೆ ಅದು ಸಲ್ಲುತ್ತದೆ. ಆದರೆ ಕಲ್ಯಾಣದ ಕಥೆಯ ನಾಟಕ, ಚಿತ್ರ, ಪಂಚಾಂಗಗಳಲ್ಲಿ ಬಿಜ್ಜಳನ ಭಟರೂ ಅದನ್ನೇ ಹಿಡಿದಿರುತ್ತಾರೆ. ಅಂತಹ ಹಿಡಿ ಈ ನಾಡಿನಲ್ಲಿ ಬಳಕೆಗೆ ಬಂದುದು ಬಿಜ್ಜಳನಿಗೆ ಶತಮಾನಗಳ ತರುವಾಯ. ಆ ಕಾಲದ ವೀರಗಲ್ಲುಗಳಲ್ಲೂ ದೇವಾಲಯದ ಭಿತ್ತಿಗಳಲ್ಲೂ ಹೆಚ್ಚಾಗಿ ಕಾಣುವುದು ನೇರವಾದ, ಗಿಡ್ಡನೆಯ, ಅಗಲವಾದ ಅಲಗು. ನಾಟಕದ ಕಂಪನಿಗಳ ಪೆಟ್ಟಿಗೆಯಲ್ಲಿ ಯಾವ ಯುಗಕ್ಕೂ ಒಂದೇ ಕಟ್ಟು ಕತ್ತಿಗಳಿದ್ದುವು. ದುರ್ಯೋಧನನಿಗೂ ಅದೇ, ಹರಿಶ್ಚಂದ್ರನಿಗೂ ಅದೇ. ಬಡ ಕಂಪನಿಗಳ ಆ ಅನಿವಾರ್ಯವನ್ನು ಕ್ಷಮಿಸಬಹುದು. ಶರಣಚರಿತ್ರೆಯನ್ನು ಚಿತ್ರಿಸಲು ಹೊರಟವರು ಹಳೇಬೀಡಿನವರೆಗಾದರೂ ಹೋಗಿ ಶಿಲ್ಪಗಳನ್ನು ನೋಡಿ ಬರಬಾರದೇ?

ಅನುಕರಣವೆಂಬುದು ಇಂದಿನ ಪಿಡುಗೆಂದು ಭಾವಿಸಬೇಕಾಗಿಲ್ಲ. ಟಿಪ್ಪು ಸುಲ್ತಾನನ ಶಯನಗೃಹದಲ್ಲಿ ದೊರೆತುದೆಂದು ಖ್ಯಾತವಾದ ಖಡ್ಗ 2023ರ ಮೇ 23ರಂದು ಲಂಡನ್ನಿನಲ್ಲಿ ಹರಾಜಾಗಿ 1 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ಅಲಗನ್ನು, ಹದಿನಾರನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನಿಯ ಅಲಗುಗಳ ಮಾದರಿಯಲ್ಲಿ ಮೊಗಲ್ ಕಮ್ಮಾರರು ಮಾಡಿದರೆಂದು ಹರಾಜಿನವರೇ ವಿವರಿಸಿದರು. ಅಷ್ಟು ಬೆಲೆ ಬಾಳಿದ ಅಸಲು ಖಡ್ಗವೂ ಒಂದರ್ಥದಲ್ಲಿ ಪರದೇಶದ ಮಾದರಿಯ ಅನುಕೃತಿಯೇ! ಆದರೆ ಆ ಕಮ್ಮಾರರು ಆಕಾರವನ್ನು ಎರವಲು ತಂದರೂ ಕೆಲಸವನ್ನು ತಮ್ಮ ಕುಲುಮೆಯಲ್ಲಿ ಪೂರ್ಣವಾಗಿ ಮಾಡಿದರು. ಖಡ್ಗವು ಖಡ್ಗದ ಕಾಯಕಕ್ಕೆ ಸಮರ್ಥವಾಗಿತ್ತು. ವೇದಿಕೆಯ ಖಡ್ಗಕ್ಕೆ ಅಂತಹ ಕಾಯಕವಾವುದೂ ಇಲ್ಲ. ಮರುದಿನ ಅದು ಗಾಜಿನ ಬೀರುವನ್ನು ಸೇರುತ್ತದೆ.

ಇನ್ನು ವೀರಗಾಸೆಯ ಖಡ್ಗ. ಉತ್ತರದ ಜಿಲ್ಲೆಗಳಲ್ಲಿ ಪುರವಂತರೆಂದೂ ಇತ್ತ ವೀರಗಾಸೆಯವರೆಂದೂ ಕರೆಯಿಸಿಕೊಳ್ಳುವ ಈ ಕಲಾವಿದರು ರುದ್ರಾಕ್ಷಿ, ವಿಭೂತಿ, ಎದೆಯ ಹಲಗೆ, ಕಾಲಿನ ಗಗ್ಗರಗಳನ್ನು ಧರಿಸಿ ದಕ್ಷಯಜ್ಞದ ಒಡಪುಗಳನ್ನು ಹೇಳುತ್ತ ಖಡ್ಗವನ್ನು ಝಳಪಿಸುತ್ತಾರೆ. ಅವರ ಖಡ್ಗದ ತುದಿಗೆ ಹಲವೆಡೆ ನಿಂಬೆಹಣ್ಣನ್ನು ಚುಚ್ಚಿರುತ್ತಾರೆ. ಅದು ಶಾಂತಿಯ ಸಂಕೇತವೂ ಹೌದು, ಮೊನೆ ಪಕ್ಕದವರಿಗೆ ತಗಲದಿರಲೆಂಬ ಎಚ್ಚರವೂ ಹೌದು. ಲೋಹ ತೆಳು, ಬೀಸಿದರೆ ಬಳುಕುತ್ತದೆ. ಆಯುಧವೆಂದು ತೂಗಿದರೆ ಅದಕ್ಕೆ ಬೆಲೆಯಿಲ್ಲ. ಆದರೆ ಗುಗ್ಗುಳದ ಸಂದರ್ಭದಲ್ಲಿ ಅದೇ ಪುರವಂತರು 'ಶಸ್ತ್ರ'ವೆಂಬ ಹೆಸರಿನ ಸೂಜಿಯಂತಹ ಸರಳನ್ನು ತಮ್ಮ ಕೆನ್ನೆ ನಾಲಗೆಗಳಿಗೆ ಚುಚ್ಚಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಪ್ರಾಜ್ಞರು ಗಮನಿಸಬೇಕು. ಅನ್ಯರತ್ತ ತಿರುಗುವ ಖಡ್ಗಕ್ಕೆ ಹರಿತವಿಲ್ಲ, ತನ್ನತ್ತ ತಿರುಗುವ ಶಸ್ತ್ರಕ್ಕೆ ಹರಿತವುಂಟು.

ಹೀಗೆ ನೋಡಿದರೆ ವೀರಗಾಸೆಯ ಖಡ್ಗವು ಯಾವ ಅರಸನ ಆಯುಧದ ನಕಲೂ ಅಲ್ಲ. ಅದು ಸವೆದಾಗ ಹೊಸದನ್ನು ಮಾಡಿಸಿ, ಪೂಜಿಸಿ ಹಿಡಿದರೆ ಅದೇ ಖಡ್ಗ. ಮಾಗಡಿ ರಸ್ತೆಯ ಬದಿಯ ಸಣ್ಣ ಕಾರ್ಖಾನೆಯ ತಗಡೇ ಆದರೂ ಒಡಪು ಬಲ್ಲವನ ಕೈಗೆ ಬಂದಾಗ ಅದಕ್ಕೆ ಕಾಯಕ ದೊರೆಯುತ್ತದೆ. ಆ ರಸ್ತೆಗೆ ಸನಿಹದಲ್ಲಿರುವ ಸಾವನದುರ್ಗದ ಇತಿಹಾಸ ಇದಕ್ಕೆ ನಿದರ್ಶನವಾಗಿದೆ. ಅಭೇದ್ಯವೆನಿಸಿದ್ದ ಆ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ವಶಪಡಿಸಿಕೊಂಡಿತು. ಕೋಟೆ ಕಾದವರ ಹರಿತವಾದ ಖಡ್ಗಗಳು ಅಲ್ಲಿಗೇ ಮುಗಿದುವು. ಬೆಟ್ಟದ ಬುಡದ ಸಾವಂದಿ ವೀರಭದ್ರಸ್ವಾಮಿಯ ಸನ್ನಿಧಿಗೆ ಭಕ್ತರು ಇಂದಿಗೂ ಬರುತ್ತಿದ್ದಾರೆ.

ಶರಣಸಾಹಿತ್ಯವನ್ನು ಓದಿದವರಿಗೆ ಅಲ್ಲಮಪ್ರಭು ಗೋರಕ್ಷರ ಪ್ರಸಂಗ ವಿದಿತವೇ ಇದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲೂ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲೂ ಅದು ಬರುತ್ತದೆ. ವಜ್ರಕಾಯನೆಂದು ಬೀಗಿದ ಗೋರಕ್ಷನು ತನ್ನನ್ನು ಹೊಡೆದು ನೋಡೆಂದು ಖಡ್ಗವನ್ನು ಪ್ರಭುವಿಗೆ ಕೊಡುತ್ತಾನೆ. ಹೊಡೆದಾಗ ಲೋಹಕ್ಕೆ ಲೋಹ ತಾಗಿದಂತೆ ಸದ್ದಾಗುತ್ತದೆ. ಬಳಿಕ ಗೋರಕ್ಷನೇ ಪ್ರಭುವಿನ ಮೇಲೆ ಬೀಸಿದರೆ ಖಡ್ಗ ಬಯಲಲ್ಲಿ ಆಡಿದಂತೆ ಹಾಯ್ದು ಹೋಗುತ್ತದೆ. ಆ ಖಡ್ಗ ಯಾವ ಊರಿನ ಉಕ್ಕು, ಎಷ್ಟು ತೂಕ, ಯಾವ ಆಕಾರ ಎಂಬುದನ್ನು ಕವಿಯಾಗಲಿ ಸಂಪಾದಕರಾಗಲಿ ಕೇಳಲಿಲ್ಲ. ಹಾಗೆಂದು ಆ ಖಡ್ಗವೂ ಮೊಂಡಾಗಿರಲಿಲ್ಲ. ಹರಿತವಾದ ಅಲಗಲ್ಲದಿದ್ದರೆ ಆ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ಬೆಂಗಾವಲಿಗೆ ನಿಂತು ಕಾದಿದನೆಂದು ಪರಂಪರೆ ಹೇಳುವ ಮಡಿವಾಳ ಮಾಚಯ್ಯನ ಕೈಯ ಆಯುಧವೂ ಬೀರುವಿನದಾಗಿರಲಿಲ್ಲ.

ಬಸವಣ್ಣನವರ ಹೆಸರಿನ ವೇದಿಕೆಯಲ್ಲಿ ಅತಿಥಿಗೆ ಖಡ್ಗವನ್ನೇ ಕೊಡಬೇಕೆಂಬ ನಿಯಮವೇನೂ ಇಲ್ಲ. ವಚನಗಳ ಒಂದು ಸಂಪುಟವನ್ನು ಕೊಟ್ಟರೂ ಸನ್ಮಾನಕ್ಕೆ ಕುಂದಿಲ್ಲ. ಕೊಡಲೇಬೇಕೆಂಬ ಆಸೆಯಿದ್ದರೆ, ಅದು ಯಾವ ಕಾಲದ ಯಾವ ಖಡ್ಗದ ಮಾದರಿ, ಯಾವ ವರ್ಷ ಎಲ್ಲಿ ತಯಾರಾಯಿತು ಎಂಬುದನ್ನು ಹಿಡಿಯ ಕೆಳಗೆ ಕೆತ್ತಿಸಲಿ. ನೂರು ವರ್ಷಗಳ ಬಳಿಕ ಯಾವುದಾದರೂ ಮಠದ ಉಗ್ರಾಣದಲ್ಲಿ ಅದು ಸಿಕ್ಕಿದಾಗ, ಬಿಜ್ಜಳನ ಕಾಲದ್ದೆಂದು ಬರೆಯುವ ಸಂಶೋಧಕನ ಶ್ರಮವಾದರೂ ಉಳಿಯುತ್ತದೆ.