ಗುಳಿಗೆಯ ಜತೆಗೆ ಯೋಗ: ಖಿನ್ನತೆಯ ಚಿಕಿತ್ಸೆ ನಡೆದುಬಂದ ದಾರಿ

ಬಾದಾಮಿ ತಾಲ್ಲೂಕಿನ ಕೆರೂರಿನಂಥ ಊರಿನ ದವಾಖಾನೆಗೆ ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವವರು ಇಲ್ಲವೆಂದರೂ ನಡೆದೀತು. ‘ತಲಿ ಭಾರ ಆಗೇತ್ರಿ’, ‘ಕೈಕಾಲಾಗ ಕಸುವಿಲ್ಲ’, ‘ರಾತ್ರಿ ನಿದ್ದಿ ಹತ್ತಂಗಿಲ್ಲ’, ‘ಯಾತರಾಗೂ ಮನಸಿಲ್ಲ’ ಎಂದೇ ದೂರು ಶುರುವಾಗುತ್ತದೆ. ಬಿ.ಪಿ. ನೋಡುತ್ತಾರೆ, ಟಾನಿಕ್ಕು ಬರೆಯುತ್ತಾರೆ, ಒಂದು ಸಲೈನೂ ಏರುತ್ತದೆ. ಮನೋವೈದ್ಯರ ಮಾತೆತ್ತಿದರೆ ಮಾತ್ರ ಮನೆಯವರ ಮುಖ ಸಣ್ಣದಾಗುತ್ತದೆ. ಧಾರವಾಡದಲ್ಲಿ 1845ರಲ್ಲಿ ಶುರುವಾದ ಹುಚ್ಚರ ಆಸ್ಪತ್ರೆ ಇವತ್ತು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಆದರೂ ‘ನಿನ್ನ ಧಾರವಾಡಕ್ಕ ಒಯ್ಯಬೇಕೇನು?’ ಅನ್ನುವುದು ಈ ಸೀಮೆಯಲ್ಲಿ ಇನ್ನೂ ಬೈಗುಳವೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ 20 ಜನರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆ ಅನುಭವಿಸುತ್ತಾರೆ. ಅಂಥವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ಮುಟ್ಟುವುದಿಲ್ಲ.

ಯೋಗಕ್ಕೆ ಈ ಕಳಂಕವಿಲ್ಲ. ‘ಮುಂಜಾನೆ ಯೋಗಕ್ಕ ಹೊಂಟೀನಿ’ ಅನ್ನುವವನನ್ನು ಓಣಿಯ ಮಂದಿ ಮೆಚ್ಚಿಯೇ ನೋಡುತ್ತಾರೆ. ಖಿನ್ನತೆಯ ಚಿಕಿತ್ಸೆಯಲ್ಲಿ ಯೋಗದ ಮಾತು ಮತ್ತೆ ಮತ್ತೆ ಬರುವುದಕ್ಕೆ ಅರ್ಧ ಕಾರಣ ಇದು. ಉಳಿದರ್ಧ, ಅಂದರೆ ಅದರಿಂದ ಗುಣವಾಗುತ್ತದೆಯೇ ಎಂಬುದನ್ನು ಒರೆಗೆ ಹಚ್ಚಿ ನೋಡಿದ ಕೆಲಸದ ಮುಖ್ಯ ಪಾಲೊಂದು ನಡೆದದ್ದು ನಮ್ಮ ರಾಜ್ಯದಲ್ಲೇ.

ಬಾದಾಮಿ ತಾಲ್ಲೂಕಿಗೆ ಯೋಗ ಟಿ.ವಿ.ಯಿಂದ ಬಂದದ್ದಲ್ಲ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದಾಗಿನಿಂದ ಅಲ್ಲಿನ ವಟುಗಳು ಶಾಸ್ತ್ರದ ಜತೆಗೆ ಯೋಗವನ್ನೂ ಕಲಿಯುತ್ತ ಬಂದಿದ್ದಾರೆ. ಅದು ಸಾಧನೆಯ ದಾರಿ, ರೋಗದ ಔಷಧಿಯಲ್ಲ. ಹಾಗೆಂದು ಹಳಬರಿಗೆ ಮನಸ್ಸಿನ ಬೇನೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಪತಂಜಲಿ ಚಿತ್ತದ ಚಂಚಲತೆಯ ಜತೆಗಾರರನ್ನು ಹೆಸರಿಸುವಾಗ ದುಃಖ, ದೌರ್ಮನಸ್ಯ, ಮೈನಡುಕ, ಏರುಪೇರಾದ ಉಸಿರು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಮೈಯೂ ಮನಸ್ಸೂ ಉಸಿರೂ ಒಟ್ಟಿಗೇ ಕೆಡುತ್ತವೆ ಎಂಬ ಈ ತಿಳಿವಳಿಕೆ, ‘ತಲಿ ಭಾರ’ ಎನ್ನುವ ಕೆರೂರಿನ ರೋಗಿಯ ಮಾತಿಗೆ ಬಹಳ ಹತ್ತಿರದ್ದು. ಯೋಗವನ್ನು ಮಠದ ಅಂಗಳದಿಂದ ಹೊರತಂದು ಊರೂರಿಗೆ ಶಿಬಿರವಾಗಿ ಒಯ್ದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು. ಕರ್ನಾಟಕದ ಹಳೆಯ ತಲೆಮಾರಿನ ಅನೇಕ ಶಾಲಾ ಮಾಸ್ತರರಿಗೆ ಆಸನ ಕಲಿಸಿದವರು ಅವರೇ.

ಪ್ರಯೋಗಶಾಲೆಯ ಹಾದಿ ತೆರೆದದ್ದು 1924ರಲ್ಲಿ, ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮ ಆರಂಭಿಸಿದಾಗ. ಮನೋವೈದ್ಯರಲ್ಲಿ ಇದನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಎನ್.ಎಸ್. ವಾಹಿಯಾ. 1960–70ರ ದಶಕಗಳಲ್ಲಿ ಅವರು ಪತಂಜಲಿಯ ವಿಚಾರದ ಮೇಲೆ ನಿಂತ ಚಿಕಿತ್ಸೆಯನ್ನು ಆತಂಕ, ಖಿನ್ನತೆಯ ರೋಗಿಗಳಿಗೆ ಕೊಟ್ಟು ಫಲಿತಾಂಶ ಬರೆದಿಟ್ಟರು. ಬೆಂಗಳೂರಿನ ಎಚ್.ಆರ್. ನಾಗೇಂದ್ರ ಮತ್ತು ಆರ್. ನಾಗರತ್ನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಆಸ್ತಮಾ ಕುರಿತದ್ದು. ಆದರೂ ಅದರ ಮಹತ್ವ ಇಲ್ಲಿ ಹೇಳಲೇಬೇಕು: ಯೋಗ ಮಾಡಿದವರನ್ನು ಮಾಡದವರೊಂದಿಗೆ ಹೋಲಿಸಿ ನೋಡದ ಹೊರತು ಯಾರೂ ನಂಬುವುದಿಲ್ಲ ಎಂಬ ಶಿಸ್ತನ್ನು ಅದು ತೋರಿಸಿಕೊಟ್ಟಿತು.

ಆ ಶಿಸ್ತು ಖಿನ್ನತೆಗೆ ಬಂದದ್ದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ. ಬಿ.ಎನ್. ಗಂಗಾಧರ್ ಅಲ್ಲಿ ಮನೋವೈದ್ಯರಾಗಿದ್ದವರು; ವಿದ್ಯುತ್ ಕಂಪನ ಚಿಕಿತ್ಸೆಯ, ಅಂದರೆ ಜನ ಹೆದರುವ ‘ಕರೆಂಟ್ ಕೊಡೋ’ ಚಿಕಿತ್ಸೆಯ ಸಂಶೋಧಕರೆಂದೇ ಹೆಸರಾದವರು. 1982ರಲ್ಲಿ ಕರೆಂಟನ್ನು ಇಮಿಪ್ರಮಿನ್ ಎಂಬ ಖಿನ್ನತೆಯ ಗುಳಿಗೆಯೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಅವರಿದ್ದರು. ಎನ್. ಜಾನಕಿರಾಮಯ್ಯ, ಗಂಗಾಧರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ತಕ್ಕಡಿಗೆ ಮೂರನೆಯದೊಂದು ಸೇರಿತು: ಸುದರ್ಶನ ಕ್ರಿಯೆ ಎಂಬ ಉಸಿರಾಟದ ಕ್ರಮ. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ದಾಖಲಾಗಿದ್ದ 45 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಕರೆಂಟ್, ಒಂದಕ್ಕೆ ದಿನಕ್ಕೆ 150 ಮಿಲಿಗ್ರಾಂ ಇಮಿಪ್ರಮಿನ್, ಒಂದಕ್ಕೆ ಲಯಬದ್ಧ ಉಸಿರಾಟ ಕೊಟ್ಟರು. ನಾಲ್ಕು ವಾರ ಕಳೆದ ಮೇಲೆ ಕರೆಂಟಿನ ಗುಂಪಿನ ಶೇ 93, ಗುಳಿಗೆಯ ಗುಂಪಿನ ಶೇ 73, ಉಸಿರಾಟದ ಗುಂಪಿನ ಶೇ 67 ಮಂದಿ ಚೇತರಿಸಿಕೊಂಡಿದ್ದರು. 

ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಇದು 15ರಲ್ಲಿ 14, 11 ಮತ್ತು 10. ಗುಳಿಗೆಗೂ ಉಸಿರಿಗೂ ನಡುವಿನ ಅಂತರ ಒಬ್ಬನೇ ಒಬ್ಬ ರೋಗಿ. ಯೋಗದ ಅಭಿಮಾನಿಗಳು ಇದನ್ನು ‘ಔಷಧಕ್ಕೆ ಸಮ’ ಎಂದು ಡಂಗುರ ಹೊಡೆದರು. ಬರೆದವರು ‘ಔಷಧಕ್ಕೆ ಬದಲಿಯಾಗಬಹುದು’ ಎಂದಷ್ಟೇ ಅಂದರು, ‘ಸಮ’ ಎನ್ನುವಂತೆಯೂ ಇರಲಿಲ್ಲ. ಹದಿನೈದು ಜನರ ಗುಂಪಿನಲ್ಲಿ ಇಬ್ಬರು ಆಚೀಚೆಯಾದರೆ ಲೆಕ್ಕವೇ ಬದಲಾಗುತ್ತದೆ. ಅದೂ ಅಲ್ಲದೆ, ಅವರೆಲ್ಲ ವಾರ್ಡಿನಲ್ಲಿ ವೈದ್ಯರ ಕಣ್ಣಳತೆಯಲ್ಲಿದ್ದವರು. ಮನೆಯಲ್ಲಿ ಕೂತು ಉಸಿರೆಳೆದುಕೊಂಡು ಗುಣವಾದವರಲ್ಲ.

2007ರಲ್ಲಿ ನಿಮ್ಹಾನ್ಸ್‌ನಲ್ಲಿ ಯೋಗದ ಉನ್ನತ ಕೇಂದ್ರ ಶುರುವಾದ ಮೇಲೆ ಕೆಲಸಕ್ಕೆ ಬೇರೆ ವೇಗ ಬಂತು. ಅದೇ ವರ್ಷ ಪ್ರಕಟವಾದ ಕೃಷ್ಣಮೂರ್ತಿ ಮತ್ತು ಶರ್ಲಿ ಟೆಲ್ಲೆಸ್ ಅವರ ಅಧ್ಯಯನ ವೃದ್ಧಾಶ್ರಮವೊಂದರ 69 ಹಿರಿಯರನ್ನು ಕುರಿತದ್ದು. ಯೋಗದ ಗುಂಪಿನ ಖಿನ್ನತೆಯ ಅಂಕ ಸರಾಸರಿ 10.6ರಿಂದ ಆರು ತಿಂಗಳಲ್ಲಿ 6.7ಕ್ಕೆ ಇಳಿಯಿತು. 2013ರಲ್ಲಿ ಗಂಗಾಧರ್ ತಂಡ 137 ಹೊರರೋಗಿಗಳ ವರದಿ ಕೊಟ್ಟಿತು: ಬರೀ ಗುಳಿಗೆ ತಗೊಂಡವರಿಗಿಂತ ಯೋಗ ಮಾಡಿದವರು ಹೆಚ್ಚು ಸುಧಾರಿಸಿದ್ದರು, ಯೋಗದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಕೂಡ ಇಳಿದಿತ್ತು. ಆದರೆ ಇಲ್ಲಿ ಚೀಟಿ ಎತ್ತಿರಲಿಲ್ಲ. ಯಾವ ಚಿಕಿತ್ಸೆ ಬೇಕೆಂದು ರೋಗಿಗಳೇ ಆರಿಸಿಕೊಂಡಿದ್ದರು. ದಿನಾ ಎದ್ದು ಯೋಗಕ್ಕೆ ಬರುವ ಉತ್ಸಾಹ ಇರುವವನು ಅರ್ಧ ಗುಣವಾದವನೇ ತಾನೆ, ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ.

ನನ್ನ ಮಟ್ಟಿಗೆ ಈ ಅಂಕಿಗಳಿಗಿಂತ ಬೆಲೆಯುಳ್ಳದ್ದು ಆ ತಂಡ ಹೊರರೋಗಿಗಳಿಗಾಗಿ ಸಿದ್ಧಪಡಿಸಿದ ಅಭ್ಯಾಸಕ್ರಮ. ಯೋಗ ಎಂದಕೂಡಲೇ ಕಣ್ಣುಮುಚ್ಚಿ ಕೂಡುವ ಚಿತ್ರ ನಮ್ಮ ತಲೆಗೆ ಬರುತ್ತದೆ. ಖಿನ್ನತೆಯವನನ್ನು ಹಾಗೆ ಕೂಡಿಸಿದರೆ ಅವನು ಧ್ಯಾನ ಮಾಡುವುದಿಲ್ಲ, ಇದ್ದ ಚಿಂತೆಯನ್ನೇ ಮತ್ತೆ ಮೆಲುಕು ಹಾಕುತ್ತಾನೆ. ಅದಕ್ಕೇ ಮೊದಲು ಮೈ ಸಡಿಲಿಸುವ ವ್ಯಾಯಾಮ, ಸೂರ್ಯನಮಸ್ಕಾರ, ಎದೆ ತೆರೆದು ಹಿಂದಕ್ಕೆ ಬಾಗುವ ಆಸನ, ಚುರುಕಾದ ಉಸಿರಾಟ. ಮೈ ಎಚ್ಚೆತ್ತ ಮೇಲಷ್ಟೆ ಓಂಕಾರ ಮತ್ತು ವಿಶ್ರಾಂತಿ. ಓಂಕಾರದ ಬಗ್ಗೆ ಇದೇ ಸಂಸ್ಥೆ 2011ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದೆ. 12 ಆರೋಗ್ಯವಂತರು ‘ಓಂ’ ಎಂದಾಗ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾದಂಥ ಭಾಗಗಳ ಚಟುವಟಿಕೆ ತಗ್ಗಿತು. ‘ಸ್ಸ್ಸ್’ ಎಂದಾಗ ತಗ್ಗಲಿಲ್ಲ. ಸಣ್ಣ ಅಧ್ಯಯನವೇ, ಆದರೆ ಹೋಲಿಕೆಗೆ ಅರ್ಥವಿಲ್ಲದ ಸದ್ದೊಂದನ್ನು ಆರಿಸಿದ್ದು ಜಾಣತನ.

ಹೊರದೇಶಗಳಲ್ಲಿ ನಡೆದ ಕೆಲಸಕ್ಕೂ ಕನ್ನಡ ನಾಡಿನ ಬೇರೊಂದಿದೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯನ್ನು ಅಮೆರಿಕದಲ್ಲಿ 2004ರಲ್ಲಿ ಸೌಮ್ಯ ಖಿನ್ನತೆಯ 28 ಯುವಜನರ ಮೇಲೆ ಪ್ರಯೋಗಿಸಿದರು. ಬಾಸ್ಟನ್ನಿನ ಕ್ರಿಸ್ ಸ್ಟ್ರೀಟರ್ 2007ರಲ್ಲಿ, ಒಂದು ಗಂಟೆಯ ಆಸನಾಭ್ಯಾಸದ ನಂತರ ಅನುಭವಿ ಸಾಧಕರ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಶೇ 27ರಷ್ಟು ಏರಿದ್ದನ್ನು ಅಳೆದರು. 2013ರಲ್ಲಿ ಜರ್ಮನಿಯ ಹೋಲ್ಗರ್ ಕ್ರಾಮರ್ ತಂಡ ಅಲ್ಲಿವರೆಗಿನ 12 ಪ್ರಯೋಗಗಳ 619 ಜನರ ಫಲಿತಾಂಶ ಒಟ್ಟುಗೂಡಿಸಿ, ಯೋಗವನ್ನು ಪೂರಕವಾಗಿ ಪರಿಗಣಿಸಬಹುದೆಂದಿತು. 2016ರಲ್ಲಿ ಕೆನಡಾದ ಮನೋವೈದ್ಯರ ಮಾರ್ಗಸೂಚಿ ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಯೋಗವನ್ನು ಎರಡನೇ ಸಾಲಿನ ಪೂರಕ ಚಿಕಿತ್ಸೆಯಾಗಿ ಸೇರಿಸಿಕೊಂಡಿತು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ 218 ಅಧ್ಯಯನಗಳ ವಿಶ್ಲೇಷಣೆಯಲ್ಲಿ ನಡಿಗೆ, ಓಟ, ಭಾರ ಎತ್ತುವಿಕೆಗಳ ಸಾಲಿನಲ್ಲೇ ಯೋಗವೂ ನಿಂತಿತು. ಜನ ನಡುವೆ ಬಿಟ್ಟುಹೋಗುವುದು ಕಡಿಮೆ ಇದ್ದ ವ್ಯಾಯಾಮಗಳಲ್ಲಿ ಅದೂ ಒಂದು.

ಹುರುಪಿಗೆ ತಣ್ಣೀರೆರಚಿದ್ದೂ ಇದೆ. 2017ರಲ್ಲಿ ಅಮೆರಿಕದ ಲೀಸಾ ಉಬೆಲ್ಯಾಕರ್, ಗುಳಿಗೆ ನುಂಗಿಯೂ ಪೂರ್ತಿ ಗುಣವಾಗದ 122 ಜನರಿಗೆ ಹತ್ತು ವಾರ ಯೋಗ ಅಥವಾ ಆರೋಗ್ಯ ಶಿಕ್ಷಣದ ತರಗತಿ ಕೊಟ್ಟರು. ಹತ್ತನೇ ವಾರದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಯೋಗದವರು ನಿಧಾನಕ್ಕೆ ಮುಂದಾದರು. ಅಂದರೆ ತಾಳ್ಮೆ ಬೇಕು, ಖಿನ್ನತೆಯವನಲ್ಲಿ ಇಲ್ಲದ್ದೇ ಅದು.

ಹೀಗೆ ಕಾಲು ಶತಮಾನದಲ್ಲಿ ಈ ಕ್ಷೇತ್ರ ‘ಔಷಧದ ಬದಲು’ ಎಂಬಲ್ಲಿಂದ ‘ಔಷಧದ ಜತೆ’ ಎಂಬಲ್ಲಿಗೆ ಇಳಿದು ಬಂದಿದೆ. ಇದನ್ನು ನಾನು ಸೋಲೆನ್ನುವುದಿಲ್ಲ. ಗುಳಿಗೆ ನಿಲ್ಲಿಸಿ ಪ್ರಾಣಾಯಾಮ ಮಾಡಿ ಎನ್ನುವ ಗುರುಗಳಿಗಿಂತ ಎರಡನ್ನೂ ಮಾಡಿ ಎನ್ನುವ ವೈದ್ಯರು ನಮಗೆ ಬೇಕು. ಸಾಯುವ ಮಾತಾಡುವವನಿಗೆ, ಊಟ ನಿದ್ದೆ ಬಿಟ್ಟವನಿಗೆ ಮೊದಲು ಆಸ್ಪತ್ರೆಯೇ. ಮನಸ್ಸು ಒಮ್ಮೆ ಕುಸಿದು ಒಮ್ಮೆ ಉಕ್ಕುವ ಬೈಪೋಲಾರ್ ಕಾಯಿಲೆಯವರು ಭಸ್ತ್ರಿಕದಂಥ ರಭಸದ ಉಸಿರಾಟವನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಇನ್ನು ಇದು ಬೆಂಗಳೂರಿನಿಂದ ಬಾದಾಮಿ, ಹುನಗುಂದಕ್ಕೆ ಬರುವ ಬಗೆ. ತಾಲ್ಲೂಕಿಗೆ ಮನೋವೈದ್ಯ ಸೇವೆ ಒಯ್ಯುವುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಅದೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಟು ಬಂತು. ಯೋಗಕ್ಕೆ ಇಂಥ ಗಟ್ಟಿ ದಾರಿ ಇನ್ನೂ ಆಗಿಲ್ಲ. ಯೋಗ ದಿನವೆಂದು ಜೂನ್ 21ರಂದು ಮೈದಾನದ ತುಂಬ ಚಾಪೆ ಹಾಸುತ್ತೇವೆ. ಫಲ ಕೊಟ್ಟ ಅಧ್ಯಯನಗಳಲ್ಲೆಲ್ಲ ಇದ್ದದ್ದಾದರೋ ವಾರಗಟ್ಟಲೆ ಮುಂದೆ ಕೂತು ಕಲಿಸಿದ ಶಿಕ್ಷಕ.

ಇಳಕಲ್ಲ, ಗುಳೇದಗುಡ್ಡದ ಕುಣಿಮಗ್ಗದಲ್ಲಿ ಕೂತವರನ್ನು ನೋಡಿ. ಕಾಲು ಕುಣಿಯೊಳಗೆ, ಬೆನ್ನು ಮುಂದಕ್ಕೆ ಬಾಗಿ, ಕಣ್ಣು ಎಳೆಯ ಮೇಲೆ, ದಿನವಿಡೀ ಹಾಗೇ. ಎದೆ ತೆರೆದು ಹಿಂದಕ್ಕೆ ಬಾಗುವ ಆ ಅಭ್ಯಾಸಕ್ರಮ ಇವರಿಗೆಂದೇ ಮಾಡಿದಂತಿದೆ. ಆದರೆ ನೇಕಾರನ ಕೂಲಿ ಸೀರೆಯ ಲೆಕ್ಕದ್ದು. ಒಂದು ತಾಸು ಯೋಗ ಎಂದರೆ ಒಂದು ತಾಸು ಮಗ್ಗ ನಿಂತಂತೆ. ಮನೆಯ ಹೆಣ್ಣುಮಕ್ಕಳಿಗೆ ಕಂಡಿಕೆ ಸುತ್ತುವುದರ ಜತೆ ಒಲೆಯ ಕೆಲಸವೂ ಇದ್ದು, ಆ ಒಂದು ತಾಸೂ ಅವರದಲ್ಲ. ಒಂದು ತಾಸಿನ ಪಾಠವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ ಗುಣ ಎಷ್ಟು ಉಳಿಯುತ್ತದೆ ಎಂಬುದನ್ನು ಇಂಥ ಊರಲ್ಲೇ ಪರೀಕ್ಷಿಸಿ ನೋಡಬೇಕು. ಅಲ್ಲಿಯವರೆಗೆ ಮನಸ್ಸಿನ ಭಾರಕ್ಕೆ ಕಿವಿಗೊಡುವವರು ಬೇಕಾದರೆ ಟೆಲಿ ಮಾನಸ್ ಇದೆ: 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ನಂಬರು 14416, ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಡ.