ಯಂತ್ರವಿಲ್ಲದೆ ಮನೆಯಲ್ಲಿ ಗಟ್ಟಿ ಕಾಫಿ: ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಎಸ್‌ಪ್ರೆಸೊ ಕಾಫಿಯನ್ನು ಯಂತ್ರದ ಮೂಲಕ ಸುಮಾರು 9 ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಇಳಿಸಲಾಗುತ್ತದೆ. ಮನೆಗಳಲ್ಲಿರುವ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುವುದರಿಂದ, ಅದೇ ಬಗೆಯ ಗಟ್ಟಿ ಡಿಕಾಕ್ಷನ್ ಪಡೆಯಲು ಹೆಚ್ಚಿನ ಸಮಯ ಬೇಕಾಗುತ್ತದೆ. ಎಸ್‌ಪ್ರೆಸೊ ಮೇಲಿನ ನೊರೆ ಇದರಲ್ಲಿ ಬರುವುದಿಲ್ಲ. ಹಾಲು ಬೆರೆಸಿ ಕುಡಿಯುವವರಿಗೆ ಅದರ ಅಗತ್ಯವೂ ಇಲ್ಲ.

ಇಬ್ಬರಿಗೆ 20 ಗ್ರಾಂ ಪುಡಿಯನ್ನು ಫಿಲ್ಟರ್‌ನ ಮೇಲಿನ ಪಾತ್ರೆಗೆ ಹಾಕಿ ಸಮತಟ್ಟು ಮಾಡಿ, ಒತ್ತುವ ಬಿಲ್ಲೆಯನ್ನು ಹಗುರವಾಗಿ ಇಡತಕ್ಕದ್ದು. ಕುದಿದ ನೀರನ್ನು ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಒಂದು ನಿಮಿಷದ ನಂತರ ಉಳಿದದ್ದನ್ನು ಸುರಿಯಬೇಕು. ಒಟ್ಟು 120 ಮಿ.ಲೀ. ನೀರು ಸಾಕು. ಮುಚ್ಚಿಟ್ಟರೆ 15ರಿಂದ 20 ನಿಮಿಷಗಳಲ್ಲಿ ಡಿಕಾಕ್ಷನ್ ಇಳಿಯುತ್ತದೆ. ಐದೇ ನಿಮಿಷದಲ್ಲಿ ಇಳಿದರೆ ಪುಡಿ ದಪ್ಪವಾಗಿದೆ ಎಂದೂ, ಹನಿಯೇ ಬೀಳದಿದ್ದರೆ ಪುಡಿ ಅತಿ ನುಣುಪಾಗಿದೆ ಅಥವಾ ಬಿಲ್ಲೆಯನ್ನು ಹೆಚ್ಚು ಒತ್ತಲಾಗಿದೆ ಎಂದೂ ತಿಳಿಯಬಹುದು. ಇಳಿದ ಡಿಕಾಕ್ಷನ್ ಅನ್ನು ಪುನಃ ಕುದಿಸಬಾರದು. ಪಾತ್ರೆಯನ್ನು ಬಿಸಿನೀರಿನಲ್ಲಿ ಇರಿಸಬಹುದು. ಫಿಲ್ಟರ್ ಇಲ್ಲದವರು ಕುದಿದ ನೀರಿಗೆ ಪುಡಿ ಹಾಕಿ, ಐದು ನಿಮಿಷ ಮುಚ್ಚಿಟ್ಟು, ತೆಳು ಬಟ್ಟೆಯಲ್ಲಿ ಸೋಸಬಹುದು.

ಈ ಭಾಗದಲ್ಲಿ ಪುಡಿಗಿಂತ ನೀರಿನ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ. ಪಾವಗಡ, ಶಿರಾ ಹಾಗೂ ಮಧುಗಿರಿ ತಾಲ್ಲೂಕುಗಳ ಹಲವು ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿಗಿಂತ ಅಧಿಕವಾಗಿ ಕಂಡುಬಂದಿದೆ. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಇದು 1 ಮಿ.ಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿ.ಗ್ರಾಂವರೆಗೆ ಮಾತ್ರ ಅವಕಾಶವಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕಾಫಿಯ ರುಚಿಯಿಂದಲೂ ಇದನ್ನು ಗುರುತಿಸಲಾಗದು. ಗಡಸು ನೀರಾದರೆ ಡಿಕಾಕ್ಷನ್ ಸಪ್ಪೆಯಾಗುವುದರಿಂದ ಅಷ್ಟಾದರೂ ಗೊತ್ತಾಗುತ್ತದೆ. ಆದ್ದರಿಂದ ಕಾಫಿಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸುವುದು ಸೂಕ್ತ. ಕೊರಟಗೆರೆ ಸೇರಿದಂತೆ ನಾಲ್ಕೂ ತಾಲ್ಲೂಕುಗಳಲ್ಲಿ ಸ್ವಂತ ಕೊಳವೆಬಾವಿ ಉಳ್ಳವರು ನೀರಿನ ಪರೀಕ್ಷೆಗಾಗಿ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸುವುದು.

ಕಪ್ಪು ಬಣ್ಣವನ್ನು ಕಂಡು ಕಾಫಿ ಗಟ್ಟಿಯಾಗಿದೆ ಎಂದು ಭಾವಿಸಲಾಗದು. ಚಿಕೋರಿಯು ಬಣ್ಣ ಮತ್ತು ಮಂದತೆಯನ್ನು ನೀಡುತ್ತದೆಯೇ ಹೊರತು ಅದರಲ್ಲಿ ಕೆಫೀನ್ ಇರುವುದಿಲ್ಲ. ಮಿಶ್ರಣದಲ್ಲಿ ಚಿಕೋರಿ ಶೇ. 49 ಮೀರುವಂತಿಲ್ಲ, ಎರಡರ ಶೇಕಡಾ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯ. ಸಂಶಯವಿದ್ದಲ್ಲಿ, ಖರೀದಿಯ ಸಮಯದಲ್ಲೇ ಮಾರಾಟಗಾರರಿಗೆ ತಿಳಿಸಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮಿನಂತೆ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪುಡಿಯನ್ನು ಪರೀಕ್ಷೆ ಮಾಡಿಸಬಹುದು. ಉಲ್ಲಂಘನೆ ಕಂಡುಬಂದಲ್ಲಿ ಶುಲ್ಕವನ್ನು ಹಿಂಪಡೆಯಲು ಖರೀದಿದಾರರು ಅರ್ಹರಾಗಿರುತ್ತಾರೆ.